ಮಾತ್ರೆ ತಗೊಂಡ ಮೇಲೂ ನಾನು ನಾನೇನಾ?

ಪ್ರಶ್ನೆ: ನನಗೆ 36 ವರ್ಷ, ಹೈಸ್ಕೂಲ್ ಟೀಚರ್. ಚಿಕ್ಕಂದಿನಿಂದಲೂ ಪುಕ್ಕಲು ಸ್ವಭಾವ. ಡಿಪ್ರೆಶನ್ ಅಂತ ಎಂಟು ತಿಂಗಳಿಂದ ಎಸಿಟಾಲೋಪ್ರಾಮ್ ಮಾತ್ರೆ ತಗೊಳ್ತಿದ್ದೇನೆ. ನಿದ್ದೆ, ಊಟ ಸರಿಹೋಗಿದೆ. ಹೆಡ್‌ಮಾಸ್ಟರ್ ಕರೆದರೆ ಈಗ ಎದೆ ಹೊಡೆದುಕೊಳ್ಳುವುದಿಲ್ಲ. ಆದರೆ ಮೊನ್ನೆ ತಂಗಿ ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಎಲ್ಲರೂ ಅತ್ತರು, ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ‘ಮಾತ್ರೆ ನಿನ್ನನ್ನ ಕಲ್ಲು ಮಾಡಿದೆ, ಚಟ ಆಗೋ ಮೊದಲು ಬಿಟ್ಟುಬಿಡು’ ಅಂತಾರೆ ಅತ್ತೆ. ನನ್ನ ನಿಜವಾದ ಸ್ವಭಾವ ಯಾವುದು ಡಾಕ್ಟ್ರೇ? ಮಾತ್ರೆ ನಿಲ್ಲಿಸಲಾ?
— ಓರ್ವ ಓದುಗಿ, ಶಿವಮೊಗ್ಗ

ಉತ್ತರ: ಮೊದಲು ಒಂದು ಮಾತು, ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಕಣ್ಣೀರಿನ ವಿಷಯ ಸುಮ್ನೆ ಹೇಳಿದ್ದಲ್ಲ, ನಾನು ಅದನ್ನು ನಂಬುತ್ತೇನೆ. ಎಸಿಟಾಲೋಪ್ರಾಮ್ ಗುಂಪಿನ ಮಾತ್ರೆ ತೆಗೆದುಕೊಳ್ಳುವ ತುಂಬಾ ಜನ ಇದನ್ನೇ ಹೇಳುತ್ತಾರೆ: ದುಃಖ ಕಡಿಮೆಯಾಯಿತು, ಜೊತೆಗೆ ಖುಷಿಯೂ ಮಂಕಾಯಿತು, ಅಳು ಗಂಟಲವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಇದು ಕಲ್ಲು ಮನಸ್ಸಲ್ಲ. ಎಷ್ಟೋ ಸಲ ಡೋಸ್‌ಗೆ ಸಂಬಂಧಿಸಿದ್ದು, ಸ್ವಲ್ಪ ಇಳಿಸಿದರೆ ಅಥವಾ ಬೇರೆ ಮಾತ್ರೆಗೆ ಬದಲಿಸಿದರೆ ಸರಿಹೋಗುತ್ತದೆ. ಕೆಲವೊಮ್ಮೆ ಪೂರ್ತಿ ವಾಸಿಯಾಗದೆ ಉಳಿದ ಡಿಪ್ರೆಶನ್ ಕೂಡ ಹೀಗೇ ಕಾಣುತ್ತದೆ. ಯಾವುದು ಅಂತ ನಿಮ್ಮನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು. ಮದುವೆಯಲ್ಲಿ ಆದದ್ದನ್ನು ಹಾಗೇ ಅವರಿಗೆ ಹೇಳಿ, ಮುಚ್ಚಿಡಬೇಡಿ.

ಈಗ ಸ್ವಭಾವದ ವಿಷಯ. ಮನಃಶಾಸ್ತ್ರದಲ್ಲಿ ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುವ ಪದ್ಧತಿ ಇದೆ. ಹೊಸದಕ್ಕೆ ತೆರೆದುಕೊಳ್ಳುವುದು, ಅಚ್ಚುಕಟ್ಟು, ಜನರೊಂದಿಗೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಮತ್ತು ಬೇಗ ಕಳವಳಕ್ಕೆ ಬೀಳುವುದು. ನೀವು ಪುಕ್ಕಲು ಅಂದದ್ದು ಈ ಕೊನೆಯದನ್ನೇ. ಪಕ್ಕದವರು ಬಾಗಿಲು ಜೋರಾಗಿ ಹಾಕಿಕೊಂಡರೆ ‘ನನ್ನ ಮೇಲೆ ಸಿಟ್ಟಿರಬಹುದಾ’ ಅಂತ ರಾತ್ರಿಯೆಲ್ಲ ಯೋಚಿಸುವವರು ಇರುತ್ತಾರಲ್ವಾ, ಅವರಲ್ಲಿ ಈ ಗುಣ ಜಾಸ್ತಿ. ಅದು ಕಾಯಿಲೆಯಲ್ಲ, ಆದರೆ ಅಂಥವರಿಗೆ ಡಿಪ್ರೆಶನ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಅಮೆರಿಕದಲ್ಲಿ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಡಿಪ್ರೆಶನ್ ಇದ್ದ 240 ಜನರಲ್ಲಿ ಕೆಲವರಿಗೆ ಇದೇ ಗುಂಪಿನ ಪ್ಯಾರಾಕ್ಸೆಟಿನ್, ಕೆಲವರಿಗೆ ಔಷಧವೇ ಇಲ್ಲದ ಹುಸಿಮಾತ್ರೆ, ಇನ್ನು ಕೆಲವರಿಗೆ ಮಾತಿನ ಚಿಕಿತ್ಸೆ. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಕಳವಳದ ಗುಣ ಇಳಿದಿತ್ತು, ಜನರೊಂದಿಗೆ ಬೆರೆಯುವ ಗುಣ ಏರಿತ್ತು. ಹುಸಿಮಾತ್ರೆಯವರ ಪೈಕಿ ಡಿಪ್ರೆಶನ್ ಅಷ್ಟೇ ಕಡಿಮೆಯಾದವರಲ್ಲೂ ಸ್ವಭಾವ ಇಷ್ಟು ಬದಲಾಗಿರಲಿಲ್ಲ. ಹಾಗಾಗಿ ‘ಮಾತ್ರೆ ಸ್ವಭಾವವನ್ನು ಮುಟ್ಟುವುದೇ ಇಲ್ಲ’ ಅಂತ ನಾನು ನಿಮಗೆ ಹೇಳಲಾರೆ. ಮುಟ್ಟುತ್ತದೆ. ಆದರೆ ನಿಮ್ಮ ಪ್ರೀತಿ, ನೆನಪು, ಯಾವುದು ಸರಿ ಯಾವುದು ತಪ್ಪು ಅನ್ನುವ ನಿಮ್ಮ ಎಣಿಕೆ, ಇವನ್ನೆಲ್ಲ ಅಳಿಸಿ ಬೇರೊಬ್ಬಳನ್ನು ತಂದು ಕೂರಿಸುವುದಿಲ್ಲ.

ಹಾಗಾದರೆ ಒಳಗೆ ಏನು ಮಾಡುತ್ತದೆ? ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಅಲ್ಲಿ ಜಾಸ್ತಿ ಹೊತ್ತು ಉಳಿಯುವಂತೆ ಮಾಡುತ್ತದೆ. ಅದು ಕೆಲವೇ ಗಂಟೆಗಳಲ್ಲಿ ಶುರುವಾದರೂ ಮನಸ್ಸು ಹಗುರಾಗಲು ವಾರಗಳು ಬೇಕು. ಈ ನಡುವಿನ ದಿನಗಳ ಬಗ್ಗೆ ಆಕ್ಸ್‌ಫರ್ಡ್‌ ವಿಶ್ವವಿದ್ಯಾಲಯದ ಸಂಶೋಧಕಿ ಕ್ಯಾಥರೀನ್ ಹಾರ್ಮರ್ ಅವರ ಕೆಲಸ ನನಗೆ ತುಂಬಾ ಹಿಡಿಸುತ್ತದೆ: ಮಾತ್ರೆ ಶುರುವಾದ ಮೊದಲ ದಿನಗಳಲ್ಲೇ, ಮನಸ್ಸಿಗೆ ಇನ್ನೂ ಏನೂ ಅನ್ನಿಸದಿದ್ದಾಗಲೇ, ಎದುರಿನವರ ಮುಖದಲ್ಲಿನ ನಗು, ಸ್ನೇಹ ಮೊದಲಿಗಿಂತ ಚೆನ್ನಾಗಿ ಕಣ್ಣಿಗೆ ಬೀಳುತ್ತದಂತೆ. ಹೆಡ್‌ಮಾಸ್ಟರ್ ಬದಲಾಗಿಲ್ಲ, ನೀವು ಅವರ ಮುಖವನ್ನು ಓದುವ ರೀತಿ ಬದಲಾಗಿದೆ. ಆ ಧೈರ್ಯವೂ ನಿಮ್ಮದೇ, ಮೊದಲಿನ ಅಂಜಿಕೆಯೂ ನಿಮ್ಮದೇ.

ಅತ್ತೆಯವರು ಹೇಳಿದ ಚಟದ ಮಾತು. ಇದು ಸಾರಾಯಿ ಥರ ಅಲ್ಲ, ಇನ್ನೂ ಬೇಕು ಬೇಕು ಅನ್ನಿಸುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ, ಸಿಡುಕು, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರಳಬಹುದು. ಸಾಮಾನ್ಯವಾಗಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಇನ್ನೊಂದು ವಿಷಯ: ನಿದ್ದೆಯೇ ಬೇಡ ಅನ್ನಿಸಿ, ಮಾತು ಮಿತಿಮೀರಿ, ದುಡ್ಡು ನೀರಿನಂತೆ ಖರ್ಚು ಮಾಡತೊಡಗಿದರೆ ಅದನ್ನು ‘ಧೈರ್ಯ ಬಂತು’ ಅಂದುಕೊಳ್ಳಬೇಡಿ. ಕೂಡಲೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಜಾಸ್ತಿ ಮಾತಾಡಲ್ಲ, ಒಬ್ಬನೇ ಇರೋದು ಇಷ್ಟ. ಗೆಳೆಯರು ‘ನಿಂಗೆ ಡಿಪ್ರೆಶನ್’ ಅಂತಾರೆ. ಹೌದಾ?
— ಓರ್ವ ಓದುಗ, ಹುಬ್ಬಳ್ಳಿ

ಉತ್ತರ: ಮೊದಲಿನಿಂದಲೂ ಹೀಗೇ ಇದ್ದು, ಒಬ್ಬರೇ ಇದ್ದಾಗ ಖುಷಿಯಾಗಿದ್ದರೆ ಅದು ನಿಮ್ಮ ಸ್ವಭಾವ, ಅದಕ್ಕೆ ಮಾತ್ರೆ ಬೇಡ. ನಿಮ್ಮನ್ನು ಗೆಳೆಯರ ಜೊತೆ ಹೋಲಿಸಿಕೊಳ್ಳಬೇಡಿ, ಹೋದ ವರ್ಷದ ನಿಮ್ಮ ಜೊತೆಗೇ ಹೋಲಿಸಿಕೊಳ್ಳಿ. ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡವಾಗಿ, ನಿದ್ದೆ, ಹಸಿವು, ಓದು ಕೆಟ್ಟು, ಎರಡು ವಾರವಾದರೂ ಹಾಗೇ ಇದ್ದರೆ ಮಾತ್ರ ತೋರಿಸಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.