ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ ಬೇಡ, ಡಿಸೈನ್ ಅಥವಾ ಟೆಕ್ನಿಕಲ್ ಬೇಕು ಅನ್ನುವ ಹುಡುಗನಿಗೆ ಕಲಬುರಗಿ ಕಡೆ ಏನಿದೆ?

ಆಳಂದದಿಂದ ಕೇಳಿದ್ದೀರಿ. ನಿಮ್ಮ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಯಾವಾಗ ನೋಡಿದರೂ ಪಂಪಿನ ಮೋಟರ್ ಬಿಚ್ಚುತ್ತಾ, ಗಾಡಿಗಳ ಚಿತ್ರ ತೆಗೆಯುತ್ತಾ ಕೂತಿರುತ್ತಾನೆ. ಮನೆಯವರದು ಪಿಯುಸಿ ಸೈನ್ಸ್ ಅಂತ ಹಟ. ಐಟಿಐ ಮಾಡಿದರೆ ಬೆಲೆ ಇದೆಯಾ, ಡಿಸೈನ್ ಕಲಿಯೋಕೆ ಏನಾದರೂ ದಾರಿ ಇದೆಯಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಫಿಟ್ಟರ್ ಟ್ರೇಡಿನಲ್ಲಿ, ಅಂದರೆ ಮಷಿನ್ ಭಾಗಗಳನ್ನು ಜೋಡಿಸುವ ಕೆಲಸದಲ್ಲಿ, ಐಟಿಐ ಮಾಡಿದವನು. ಈಗ ನಮ್ಮ ಜಿಲ್ಲೆಯಲ್ಲೇ ಒಂದು ಸಿಮೆಂಟ್ ಫ್ಯಾಕ್ಟರಿಯ ಮೆಂಟೆನೆನ್ಸ್‌ನಲ್ಲಿದ್ದೇನೆ. ಒಂದೇ ಸರ್ಟಿಫಿಕೇಟ್ ಹಿಡಿದು ಬಂದ ಇಬ್ಬರಲ್ಲಿ ಒಬ್ಬ ಹೆಲ್ಪರ್ ಆಗಿಯೇ ಉಳಿಯುವುದನ್ನು, ಇನ್ನೊಬ್ಬನನ್ನು ಸಾಹೇಬರೇ ಹುಡುಕಿಕೊಂಡು ಬರುವುದನ್ನು ಇಲ್ಲಿ ಬಹಳ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ: ಅವನಿಗೆ ಡ್ರಾಯಿಂಗ್, ಅಂದರೆ ಅಳತೆ ಹಾಕಿದ ಮಷಿನ್ ಭಾಗದ ನಕ್ಷೆ, ಓದೋಕೆ ಬರುತ್ತದಾ, ಇಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಬೇರಿಂಗ್ ಕೂರುವ ಶಾಫ್ಟ್ (ಮಷಿನ್ನಿನ ತಿರುಗುವ ದಂಡ) ಸವೆದಿದೆ, ಹೊಸದು ಮಾಡಿಸಬೇಕು. ಡ್ರಾಯಿಂಗ್‌ನಲ್ಲಿ 50 ಎಂಎಂ, ಪಕ್ಕದಲ್ಲಿ ಕೆ6 ಅಂತ ಬರೆದಿದೆ. ಆ ಪುಟ್ಟ ಗುರುತಿನ ಅರ್ಥ, ಶಾಫ್ಟ್ 50.002ಕ್ಕಿಂತ ಕಮ್ಮಿ ಆಗಬಾರದು, 50.018 ದಾಟಬಾರದು ಅಂತ. ಇದು ಗೊತ್ತಿಲ್ಲದ ಟರ್ನರ್ (ಲೇತ್ ಮಷಿನ್ ಮೇಲೆ ಕಡೆಯುವವನು) ‘ಐವತ್ತು ತಾನೇ’ ಅಂತ 49.98ಕ್ಕೆ ತಿರುವಿ ಕೊಡುತ್ತಾನೆ. ಬೇರಿಂಗ್ ಆರಾಮಾಗಿ ಕೂರುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಬೇರಿಂಗ್ ಶಾಫ್ಟಿನ ಮೇಲೆಯೇ ಜಾರಿ ತಿರುಗೋಕೆ ಶುರುವಾಗುತ್ತದೆ, ಬಿಸಿಯಾಗುತ್ತದೆ, ಮತ್ತೆ ಮಷಿನ್ ಬಂದ್. ಈ 50ಕ್ಕೆ ಎಷ್ಟು ಸಡಿಲ, ಎಷ್ಟು ಬಿಗಿ ಇರಬೇಕು ಅಂತ ಮೊದಲು ತೀರ್ಮಾನ ಮಾಡಿದವನು ಡಿಸೈನರ್. ಅದನ್ನು ಓದಿ ಹಾಗೆಯೇ ಮಾಡಿ ಕೊಡುವವನು ಟರ್ನರ್, ಫಿಟ್ಟರ್. ಅಂದಮೇಲೆ ಡಿಸೈನ್ ಬೇರೆ, ಕೈಕೆಲಸ ಬೇರೆ ಅಂತ ಈಗಲೇ ಯಾಕೆ ಎರಡು ಮಾಡಬೇಕು?

ನಾನು ಮೊದಲು ತೋರಿಸುವುದು ಜಿಟಿಟಿಸಿಯನ್ನು, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕಿನ ಸಹಾಯದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಈಗ ಕಲಬುರಗಿಯಲ್ಲೂ ಇದೆ, ಬೀದರ್ ಜಿಲ್ಲೆಯ ಹುಮನಾಬಾದಿನಲ್ಲೂ ಇದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದವರಿಗೇ ಇರುವುದು. 3 ವರ್ಷ ಅಲ್ಲಿ ಓದು, ಕೊನೆಯ 1 ವರ್ಷ ಕಂಪನಿಯಲ್ಲಿ ತರಬೇತಿ. ಪ್ಲಾಸ್ಟಿಕ್ ಬಕೆಟ್‌ನಿಂದ ಕಾರಿನ ಬಾಗಿಲವರೆಗೆ ಯಾವುದೇ ವಸ್ತು ಸಾವಿರಗಟ್ಟಲೆ ಒಂದೇ ಥರ ಬರಬೇಕಾದರೆ ಅದಕ್ಕೊಂದು ಅಚ್ಚು ಬೇಕಲ್ವಾ? ಆ ಅಚ್ಚನ್ನು ಡಿಸೈನ್ ಮಾಡುವುದು, ಮಷಿನ್ ಮೇಲೆ ಕಡೆಯುವುದು, ಎರಡನ್ನೂ ಕಲಿಸುತ್ತಾರೆ. ಚಿತ್ರ ತೆಗೆಯುವ, ಮೋಟರ್ ಬಿಚ್ಚುವ ಹುಡುಗನಿಗೆ ಇದಕ್ಕಿಂತ ಒಪ್ಪುವ ಕೋರ್ಸ್ ಈ ಭಾಗದಲ್ಲಿ ನನಗೆ ಕಂಡಿಲ್ಲ. ಫೀಸು ಸರ್ಕಾರಿ ಐಟಿಐಗಿಂತ ಜಾಸ್ತಿ, ಶಿಸ್ತೂ ಜಾಸ್ತಿ.

ಅದು ಸಿಗದಿದ್ದರೆ ಐಟಿಐ. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) 1 ವರ್ಷದವು. ಫಿಟ್ಟರ್, ಟರ್ನರ್, ಎಲೆಕ್ಟ್ರೀಷಿಯನ್ 2 ವರ್ಷದವು. ನಿಮ್ಮ ತಮ್ಮನಿಗೆ 2 ವರ್ಷದ್ದೇ ಕೊಡಿಸಿ. ಅದು ಮುಗಿಸಿದರೆ ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಡಿಪ್ಲೊಮಾ 2ನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದು ಬಿಇ 2ನೇ ವರ್ಷಕ್ಕೆ ಹೋಗಬಹುದು. ಐಟಿಐ ಅಂದರೆ ಓದು ಅಲ್ಲಿಗೇ ಮುಗೀತು ಅಂತ ಮನೆಯವರು ಹೆದರಿದ್ದರೆ ಇದನ್ನು ತಿಳಿಸಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಕೆಲಸಕ್ಕೂ ಬರೀ ಪಿಯುಸಿ ಸೈನ್ಸ್ ಸಾಲದು, ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಇದ್ದರೆ ಅರ್ಜಿ ಹಾಕಬಹುದು.

ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಮಷಿನ್ ಹಾಕಿಸಿದೆ. ಅದರೊಂದಿಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್), ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನ, ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಪರೀಕ್ಷಿಸುವ ಟ್ರೇಡ್‌ಗಳೂ ಬಂದಿವೆ. ಆದರೂ ಬೋರ್ಡ್ ನೋಡಿ ಅಡ್ಮಿಷನ್ ಮಾಡಿಸಬೇಡಿ. ಒಂದು ದಿನ ಇಬ್ಬರೂ ಹೋಗಿ ವರ್ಕ್‌ಶಾಪ್ ಒಳಗೆ ನಿಂತು ನೋಡಿ. ಲೇತ್ ಕೆಳಗೆ ಹೊಸ ಕಬ್ಬಿಣದ ಚೂರು ಬಿದ್ದಿವೆಯಾ? ಎರಡನೇ ವರ್ಷದ ಹುಡುಗನೊಬ್ಬನನ್ನು ಹಿಡಿದು ಅವನ ಡ್ರಾಯಿಂಗ್ ಶೀಟ್ ಕೇಳಿ. ತಾನೇ ಬರೆದದ್ದನ್ನು ತೋರಿಸಿದರೆ ಸರಿ. ‘ಪರೀಕ್ಷೆ ಹತ್ತಿರ ಬಂದಾಗ ಬರೆಸ್ತಾರೆ’ ಅಂದರೆ ಸುಮ್ನೆ ವಾಪಸ್ ಬನ್ನಿ. ಹಾಜರಿ ಇಲ್ಲದೆ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಜಾಗಗಳೂ ಇವೆ. ಅಂಥ ಕಡೆಯಿಂದ ಬಂದವರೇ ನಮ್ಮಲ್ಲಿ ಅಳತೆಯ ವರ್ನಿಯರ್ ಹಿಡಿಯಲು ತಡವರಿಸುವುದು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ಬರೀ ಆಟೋಕ್ಯಾಡ್ ಕ್ಲಾಸಿಗೂ ಈಗಲೇ ದುಡ್ಡು ಹಾಕಬೇಡಿ. ಪ್ಲಾನ್ (ಮೇಲಿಂದ ಕಾಣುವ ನೋಟ), ಎಲಿವೇಷನ್ (ಎದುರಿಂದ ಕಾಣುವ ನೋಟ) ಕೈಯಲ್ಲಿ ಬರೆಯಲು ಬಾರದವನಿಗೆ ಕಂಪ್ಯೂಟರ್ ಗೆರೆ ಎಳೆದು ಕೊಡುತ್ತದೆ, ಯಾವ ಗೆರೆ ಎಲ್ಲಿ ಅಂತ ಹೇಳಿಕೊಡುವುದಿಲ್ಲ.

ಕಲಬುರಗಿಯಲ್ಲಿ ಕರ್ನಾಟಕ ಜರ್ಮನ್ ತರಬೇತಿ ಕೇಂದ್ರವೂ ಇದೆ. ಅದು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಹೋದವರಿಗೆ ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ.

ಇನ್ನು ಡಿಸೈನ್ ಅಂದರೆ ತಮ್ಮನ ಮನಸ್ಸಿನಲ್ಲಿ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ), ಬಿ.ಡಿಸ್. (ಡಿಸೈನ್ ಪದವಿ) ಥರದ್ದು ಇದ್ದರೆ ಮಾತು ಬೇರೆ. ಅದಕ್ಕೆ ಪಿಯುಸಿ ಅಥವಾ ಅದಕ್ಕೆ ಸಮ ಅಂತ ಒಪ್ಪಿದ ಓದು ಬೇಕು, ಆದರೆ ಸೈನ್ಸೇ ಆಗಬೇಕಿಲ್ಲ. ಆರ್ಟ್ಸ್, ಕಾಮರ್ಸ್ ಓದಿದವರೂ ಎನ್‌ಐಡಿ ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿಯೂ ಕೇಳುವುದು ಚಿತ್ರ, ಯೋಚನೆ, ಕೈಯಲ್ಲಿ ಮಾಡಿ ತೋರಿಸುವುದು. ಬಿಡುವು ಮಾಡಿಕೊಂಡು ಒಮ್ಮೆ ಅವನನ್ನು ಬೀದರಿಗೆ ಕರೆದುಕೊಂಡು ಹೋಗಿ ಬಿದರಿ ಕೆಲಸ ತೋರಿಸಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಚೂಪು ಕಡ್ಡಿಯಿಂದ ಬಳ್ಳಿ, ಹೂವು ಗೀಚುತ್ತಾರೆ. ಸ್ಕೇಲಿಲ್ಲ, ಅಳಿಸುವ ರಬ್ಬರಿಲ್ಲ. ಆಮೇಲೆ ಉಳಿಯಲ್ಲಿ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಇದೇ ಕಸುಬಿನವರು. ಹುಡುಗನಿಗೆ ಅಲ್ಲಿಂದ ಎದ್ದು ಬರೋಕೆ ಮನಸ್ಸಾಗದಿದ್ದರೆ ನಿಮಗೂ ಒಂದು ಸುಳಿವು ಸಿಕ್ಕ ಹಾಗೆ.

ಯಾವುದಕ್ಕೆ ಹೋದರೂ 371ಜೆ ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವರು ಅನ್ನುವ ಮೀಸಲಾತಿ ಕಾಗದ, ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ 70 ಪರ್ಸೆಂಟ್ ಸೀಟು, ಉಳಿದ ಕರ್ನಾಟಕದಲ್ಲಿ 8 ಪರ್ಸೆಂಟ್ ನಮ್ಮ ಭಾಗದವರಿಗೆ ಮೀಸಲು. ಆ ಕಾಗದ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಿಂದ ಬರಬೇಕು. ಅಡ್ಮಿಷನ್ ಟೈಮಿಗೆ ಅಲ್ಲಿ ಜನ ಮುಗಿಬೀಳುತ್ತಾರೆ. ಜಾತಿ, ಆದಾಯದ ಸರ್ಟಿಫಿಕೇಟ್ ಹಳೆಯವಾಗಿದ್ದರೆ ಅವನ್ನೂ ಜೊತೆಗೇ ಹೊಸದಾಗಿ ಮಾಡಿಸಿಕೊಳ್ಳಿ.