ಉಬುಂಟು ಹಾಕಿದ ಮೇಲೆ ವೈಫೈ ಇಲ್ಲ, ವಿಂಡೋಸ್‌ನಲ್ಲಿ ಟೈಮ್ ತಪ್ಪು, ನುಡಿ ಫೈಲುಗಳು ಓದೋಕೆ ಆಗುತ್ತಿಲ್ಲ. ಎಲ್ಲ ಅಳಿಸಿ ಮತ್ತೆ ಹಾಕಲೇ?

ಬೇಡ. ದಯವಿಟ್ಟು ಅಳಿಸಬೇಡಿ.

ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡಿದ್ದೀರಿ. ಅದರಲ್ಲಿದ್ದ ವಿಂಡೋಸ್ 10 ಅನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಉಬುಂಟು 24.04 (ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಒಂದು ರೂಪ) ಹಾಕಿದ್ದೀರಿ. ಉಬುಂಟುವಿನಲ್ಲಿ ವೈಫೈ ಕಾಣುತ್ತಲೇ ಇಲ್ಲ. ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ನಿಮ್ಮ ತಂದೆಯವರು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿಟ್ಟ ಕಥೆಗಳು ಗುರುತೇ ಸಿಗದ ಹಾಗೆ ಕಾಣುತ್ತಿವೆ, ಹೊಸದಾಗಿ ಕನ್ನಡ ಟೈಪ್ ಮಾಡುವುದಕ್ಕೂ ದಾರಿ ಸಿಕ್ಕಿಲ್ಲ.

ಈ ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಮೂರೂ ಒಟ್ಟಿಗೆ ಕಂಡದ್ದರಿಂದ ಇನ್‌ಸ್ಟಾಲ್ ಮಾಡುವಾಗಲೇ ಏನೋ ಕೆಟ್ಟಿದೆ ಅನ್ನಿಸುತ್ತದೆ, ಅಲ್ವಾ? ಏನೂ ಕೆಟ್ಟಿಲ್ಲ. ಅದೇ ಪೆನ್‌ಡ್ರೈವಿನಿಂದ ಮತ್ತೆ ಹಾಕಿದರೆ ಇದೇ ಮೂರು ತೊಂದರೆ ಮತ್ತೆ ಬರುತ್ತವೆ, ಒಂದು ಸಂಜೆ ಸುಮ್ನೆ ಹೋಗುತ್ತದೆ. ನಮ್ಮ ಬಡಾವಣೆಯ ಪುಟ್ಟ ವಾಚನಾಲಯದಲ್ಲಿ ಆರು ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ನೋಡಿಕೊಳ್ಳುತ್ತಿದ್ದೇನೆ. ಈ ಮೂರನ್ನೂ ಅಲ್ಲಿ ಕಂಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹೊಡೆಯಬೇಕು.

ವೈಫೈಯಿಂದ ಶುರು ಮಾಡೋಣ. ಅದು ಬಂದರೆ ಉಳಿದದ್ದು ಸಲೀಸು. ಆದರೆ ವೈಫೈ ಡ್ರೈವರ್ (ವೈಫೈ ಚಿಪ್ಪನ್ನು ನಡೆಸುವ ತಂತ್ರಾಂಶ) ಇಳಿಸುವುದಕ್ಕೇ ಇಂಟರ್ನೆಟ್ ಬೇಕಲ್ಲ? ಅದಕ್ಕೆ ನಿಮ್ಮ ಆಂಡ್ರಾಯ್ಡ್ ಫೋನ್ ಸಾಕು. ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್ ಒಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಉಬುಂಟು ಅದನ್ನು ವೈರಿನ ನೆಟ್‌ವರ್ಕ್ ಎಂದು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಫೋನ್ ಮನೆಯ ವೈಫೈನಲ್ಲಿದ್ದರೆ ಆ ಇಂಟರ್ನೆಟ್ಟೇ ಲ್ಯಾಪ್‌ಟಾಪಿಗೂ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಬಟನ್ ಮಂಕಾಗಿಯೇ ಇದ್ದರೆ ಕೇಬಲ್ ಬದಲಿಸಿ ನೋಡಿ. ಎಷ್ಟೋ ಕೇಬಲ್ಲುಗಳು ಬರೀ ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ.

ಈಗ ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ -ಕೆ' ಹೊಡೆಯಿರಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ನಿಮ್ಮ ವೈಫೈ ಚಿಪ್ ಯಾರದ್ದು ಎಂದು ಅಲ್ಲಿರುತ್ತದೆ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇದೆಯೋ ಇಲ್ಲವೋ ನೋಡಿ. ಮುಂದೇನು ಮಾಡಬೇಕು ಎಂಬುದು ಪೂರ್ತಿ ಈ ಒಂದು ಸಾಲಿನ ಮೇಲೆ ನಿಂತಿದೆ.

ಸಾಲು ಇದ್ದರೆ ಡ್ರೈವರ್ ಇದೆ, ರೇಡಿಯೋ ಆಫ್ ಆಗಿರಬಹುದು. 'ಆರ್‌ಎಫ್‌ಕಿಲ್ ಲಿಸ್ಟ್' ಹೊಡೆದು ನೋಡಿ. 'ಹಾರ್ಡ್ ಬ್ಲಾಕ್ಡ್: ಯೆಸ್' ಎಂದಿದ್ದರೆ ಲ್ಯಾಪ್‌ಟಾಪಿನ ಅಂಚಿನಲ್ಲಿ ಪುಟ್ಟ ಸ್ವಿಚ್ ಇದೆಯೇ, ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಆಂಟೆನಾ ಚಿತ್ರದ ಕೀ ಇದೆಯೇ ಹುಡುಕಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದು ಜಾಸ್ತಿ. 'ಸಾಫ್ಟ್ ಬ್ಲಾಕ್ಡ್' ಮಾತ್ರ ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು.

ಸಾಲು ಇಲ್ಲದಿದ್ದರೆ ಡ್ರೈವರ್ರೇ ಇಲ್ಲ. ಚಿಪ್ ಬ್ರಾಡ್‌ಕಾಮ್ ಆಗಿದ್ದರೆ ಹೆಚ್ಚಾಗಿ ಹೀಗೇ ಆಗುವುದು. ಅದರ ಹಲವು ಚಿಪ್‌ಗಳ ಡ್ರೈವರ್ ಮುಕ್ತ ತಂತ್ರಾಂಶವಲ್ಲ, ಹಾಗಾಗಿ ನೀವು ಕೇಳದೆ ಅದು ಸೇರುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಹಾಕಲೇ ಎಂದು ಒಂದು ಟಿಕ್ ಕೇಳಿತ್ತು ನೋಡಿ, ಅದು ಇದಕ್ಕೇ. ಈಗಲೂ ತಡವಾಗಿಲ್ಲ. ಫೋನಿನ ಇಂಟರ್ನೆಟ್ ಇಟ್ಟುಕೊಂಡು 'ಅಡಿಶನಲ್ ಡ್ರೈವರ್ಸ್' ತೆರೆಯಿರಿ, ಅದು ತೋರಿಸುವ ಡ್ರೈವರ್ ಆರಿಸಿ. ಚಿಪ್ ರಿಯಲ್‌ಟೆಕ್‌ನ ಹೊಸ ಮಾದರಿಯಾಗಿದ್ದರೆ ಮೊದಲು ಎಲ್ಲ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿ. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಡ್ರೈವರ್ ಬರುವ ಸಾಧ್ಯತೆ ಇದೆ.

ಇಲ್ಲಿ ಒಂದು ಜಾಗದಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ರಕ್ಷಣೆ) ಆನ್ ಇದ್ದರೆ, ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಮೊದಲ ಆಯ್ಕೆ 'ಕಂಟಿನ್ಯೂ ಬೂಟ್'. ಎಲ್ಲರೂ ಎಂಟರ್ ಒತ್ತಿಬಿಡುತ್ತಾರೆ, ಡ್ರೈವರ್ ಕೆಲಸ ಮಾಡುವುದಿಲ್ಲ, ಆ ನೀಲಿ ಪರದೆ ಮತ್ತೆ ಬರುವುದೂ ಇಲ್ಲ. ವಾಚನಾಲಯದ ಒಂದು ಕಂಪ್ಯೂಟರಿನಲ್ಲಿ ನಾನೂ ಹಾಗೇ ಮಾಡಿ, ಕಾರಣ ತಿಳಿಯದೆ ಎರಡು ಭಾನುವಾರ ಅದರ ಮುಂದೆ ಕೂತಿದ್ದೆ. ಆರಿಸಬೇಕಾದದ್ದು 'ಎನ್‌ರೋಲ್ ಎಂಓಕೆ'. ಆಮೇಲೆ 'ಕಂಟಿನ್ಯೂ', 'ಯೆಸ್', ನೀವು ಇಟ್ಟ ಪಾಸ್‌ವರ್ಡ್, ರೀಬೂಟ್. ಅಂದರೆ ಈ ಡ್ರೈವರಿಗೆ ಸಹಿ ಹಾಕಿದ ಕೀಯನ್ನು ನಾನು ನಂಬುತ್ತೇನೆ ಎಂದು ನೀವೇ ಯಂತ್ರದ ಮುಂದೆ ಕೂತು ಒಪ್ಪಿಗೆ ಕೊಟ್ಟ ಹಾಗೆ. ಪರದೆ ತಪ್ಪಿಹೋಗಿದ್ದರೆ 'ಸುಡೋ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ' ಹೊಡೆದು ರೀಸ್ಟಾರ್ಟ್ ಮಾಡಿ, ಮತ್ತೆ ಬರುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಎಂದು ಯಾರಾದರೂ ಹೇಳಿದರೆ, ಮೊದಲು ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಆ ಕೀ ಹಳೆಯ ಮಾಲೀಕರ ಅಕೌಂಟಿನಲ್ಲಿ ಕೂತಿರಬಹುದು.

ಗಡಿಯಾರದ್ದು ಸುಲಭ. ಮದರ್‌ಬೋರ್ಡಿನ ಮೇಲೆ ಒಂದು ಗಡಿಯಾರವಿದೆ. ಲಿನಕ್ಸ್ ಅದರಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಇಡುತ್ತದೆ. ವಿಂಡೋಸ್ ಅದನ್ನೇ ಊರಿನ ಸಮಯ ಎಂದುಕೊಂಡು ಓದುತ್ತದೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ 4:30 ಎನ್ನುತ್ತದೆ. ಉಬುಂಟುವಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಒಮ್ಮೆ ಹೊಡೆಯಿರಿ, ಮುಗಿಯಿತು. ಆಮೇಲೆ ಬರೀ 'ಟೈಮ್‌ಡೇಟ್‌ಸಿಟಿಎಲ್' ಹೊಡೆದರೆ ಒಂದು ಎಚ್ಚರಿಕೆ ಕಾಣುತ್ತದೆ, ಗಾಬರಿಯಾಗಬೇಡಿ. ಮುಖ್ಯವಾಗಿ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳಲ್ಲಿ, ಇಲ್ಲವೇ ಬೇರೆ ಸಮಯದ ದೇಶಕ್ಕೆ ಹೋದಾಗ ಅದರಿಂದ ತೊಡಕು. ಬೆಂಗಳೂರಿನಲ್ಲಿ ಕೂತವರಿಗೆ ಅಲ್ಲ.

ಜೊತೆಗೆ ವಿಂಡೋಸ್‌ನ ಪವರ್ ಆಪ್ಶನ್ಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆಯಿರಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಉಬುಂಟುವಿನಿಂದ ವಿಂಡೋಸ್ ಡ್ರೈವಿಗೆ ಏನೂ ಬರೆಯಲಾಗುವುದಿಲ್ಲ.

ಇನ್ನು ತಂದೆಯವರ ಕಥೆಗಳು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದದ್ದು ಇದೇ. ಅವು ಹಾಳಾಗಿಲ್ಲ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಬಳಕೆಗೆ ಬರುವ ಮುಂಚೆ ನುಡಿಯಲ್ಲಿ ಬರೆದದ್ದು ಒಳಗೆ ಇಂಗ್ಲಿಷ್, ಯುರೋಪಿನ ಅಕ್ಷರಗಳಾಗಿಯೇ ಉಳಿಯುತ್ತಿತ್ತು. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್. ಫಾಂಟ್ ಇಲ್ಲದಿದ್ದರೆ 'ಕನ್ನಡ' ಎಂಬ ಪದ ಒಂದು 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡ್ ಹಣದ ಗುರುತು, ಹೀಗೆ ಕಾಣುತ್ತದೆ. ನಿಮಗೂ ಹಾಗೇ ಕಂಡಿರಬೇಕು.

ವಿಂಡೋಸ್ ಡ್ರೈವಿನ ಫಾಂಟ್ಸ್ ಫೋಲ್ಡರಿನಲ್ಲಿ ನುಡಿ ಫಾಂಟುಗಳಿದ್ದರೆ, ಉಬುಂಟುವಿನಿಂದಲೇ ಅದನ್ನು ತೆರೆದು ಒಂದೊಂದರ ಮೇಲೂ ಎರಡು ಸಲ ಕ್ಲಿಕ್ ಮಾಡಿ 'ಇನ್‌ಸ್ಟಾಲ್' ಒತ್ತಿ. ಫೈಲು ತೆರೆಯುವ ಲಿಬ್ರೆಆಫೀಸ್ ತಂತ್ರಾಂಶವನ್ನು ಮುಚ್ಚಿ ತೆರೆದರೆ ಕಥೆಗಳು ಓದಲು ಸಿಗುತ್ತವೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ರೂಪದಲ್ಲಿ ಒಂದು ಪದವನ್ನೂ ಹುಡುಕಲಾಗುವುದಿಲ್ಲ, ಯಾರಿಗಾದರೂ ಕಳಿಸಿದರೆ ಅವರಿಗೂ ಇದೇ ಕಷ್ಟ. ನಿಮ್ಮಲ್ಲಿ ವಿಂಡೋಸ್ ಇನ್ನೂ ಇದೆಯಲ್ಲ, ನುಡಿಯ ಹೊಸ ಆವೃತ್ತಿಯಲ್ಲಿರುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತನ್ನಿ. ಮೂಲ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆ ಇರಲಿ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಬರುವ ಕಡೆ ಕಣ್ಣಾಡಿಸಿ. ಸಾಧ್ಯವಾದರೆ ತಂದೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.

ಟೈಪ್ ಮಾಡುವುದಕ್ಕೆ 'ಐಬಸ್-ಎಂ17ಎನ್' ಎಂಬ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಲಾಗ್ ಔಟ್ ಮಾಡದಿದ್ದರೆ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ, ಹಾಕಿದ್ದು ಕೆಲಸ ಮಾಡಲಿಲ್ಲ ಎಂದುಕೊಂಡು ಜನ ಕೈಬಿಡುತ್ತಾರೆ. ಆಮೇಲೆ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕನ್ನಡದ ಕೆಳಗೆ 'ಕೆಜಿಪಿ' ಸೇರಿಸಿ. ಇದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುವ ಅದೇ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ'. ನಿಮ್ಮ ತಂದೆಯವರ ಬೆರಳಿಗೆ ಹೊಸದೇನೂ ಕಲಿಯಬೇಕಾಗಿಲ್ಲ. ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಗುತ್ತದೆ.

ವೈಫೈ ಇಷ್ಟಕ್ಕೂ ಬರದಿದ್ದರೆ, ಆ 'ನೆಟ್‌ವರ್ಕ್ ಕಂಟ್ರೋಲರ್' ಸಾಲನ್ನೂ ಅದರ ಕೆಳಗಿನ ಎರಡು ಮೂರು ಸಾಲುಗಳನ್ನೂ ಹಾಗೇ ಇಲ್ಲಿ ಹಾಕಿ. ಚಿಪ್ ಯಾವುದೆಂದು ಗೊತ್ತಾದರೆ ಮುಂದಿನ ಹೆಜ್ಜೆ ಬರೆದು ತಿಳಿಸುತ್ತೇನೆ.