ತಮ್ಮನ ಕೇಸಿನಲ್ಲಿ ಕೋರ್ಟು ಚಟದ ಅಸೆಸ್‌ಮೆಂಟ್ ಕೇಳಿದೆ. ಅಲ್ಲಿ ಎಷ್ಟು ನಿಜ ಹೇಳಬೇಕು?

ನಿಮ್ಮ ತಮ್ಮ ಕಳ್ಳತನದ ಕೇಸಿನಲ್ಲಿ ಒಂದೂವರೆ ತಿಂಗಳು ಒಳಗಿದ್ದು ಈಗ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಕುಡಿತವೂ ಇತ್ತು, ನೋವಿನ ಮಾತ್ರೆಯ ಚಟವೂ ಇತ್ತು. ಅಸೆಸ್‌ಮೆಂಟ್, ಅಂದರೆ ಚಟ ಎಷ್ಟರ ಮಟ್ಟಿಗಿದೆ ಅಂತ ವಿಚಾರಿಸಿ ನೋಡುವುದು, ಅದರ ವರದಿ ತನ್ನಿ ಅಂತ ಕೋರ್ಟು ಹೇಳಿದೆ. ಕಮ್ಮಿ ಹೇಳಿದರೆ ಒಳ್ಳೆಯದಾ, ಜಾಸ್ತಿ ಹೇಳಿದರೆ ಒಳ್ಳೆಯದಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಕೌನ್ಸೆಲರ್. ಆರೋಪಿಗಳಿಗೆ ಇಂಥ ಅಸೆಸ್‌ಮೆಂಟ್ ಮಾಡುವುದೇ ನನ್ನ ಕೆಲಸ. ಎರಡೂ ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಆದರೆ ಹೇಳುವ ಮುಂಚೆ ವಕೀಲರ ಹತ್ತಿರ ಒಂದು ವಿಷಯ ಕೇಳಿಕೊಳ್ಳಿ: ಈ ವರದಿ ಯಾರ್‍ಯಾರ ಕೈಗೆ ಹೋಗುತ್ತದೆ? ಇಲ್ಲಿ ಆಡಿದ ಮಾತು ನಾಲ್ಕು ಗೋಡೆಯೊಳಗೇ ಉಳಿಯುತ್ತದೆ ಅಂದುಕೊಳ್ಳಬೇಡಿ. ವರದಿ ಕೋರ್ಟಿಗೆ ಹೋಗುತ್ತದೆ. ಅದರಲ್ಲಿರುವ ಮಾತನ್ನು ಕೇಸಿನಲ್ಲಿ ಬಳಸಬಹುದೋ ಇಲ್ಲವೋ ಅನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ನಿಯಮ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದ ಮೇಲೇ ಸಹಿ ಹಾಕಲಿ. ನನಗೆ ಬೇಕಾಗಿರುವುದು ಚಟದ ಕಥೆ. ಆ ದಿನ ಕಳ್ಳತನ ಆಯ್ತಾ ಇಲ್ವಾ ಅನ್ನುವುದು ನನ್ನ ಕೆಲಸಕ್ಕೆ ಬೇಡ. ಆ ಮಾತು ಬಂದರೆ, "ಅದನ್ನು ನನ್ನ ವಕೀಲರು ನೋಡಿಕೊಳ್ಳುತ್ತಾರೆ" ಅಂದರೆ ಸಾಕು.

ಅಸೆಸ್‌ಮೆಂಟಿನಲ್ಲಿ ನಡೆಯುವುದು ಮಾತುಕತೆ, ಹೆಚ್ಚೆಂದರೆ ಒಂದೆರಡು ಗಂಟೆ. ಮೊದಲು ಜರಡಿ ಹಿಡಿಯುವಂಥ ಸಣ್ಣ ಪ್ರಶ್ನಾವಳಿ. ಕುಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಇದೆ, 10 ಪ್ರಶ್ನೆ, 40 ಅಂಕ. 8 ಅಥವಾ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸುತ್ತೇವೆ. ಆಮೇಲೆ ಕಳೆದ 12 ತಿಂಗಳ ಬಗ್ಗೆ 11 ಲಕ್ಷಣಗಳನ್ನು ನೋಡುತ್ತೇವೆ. 2-3 ಇದ್ದರೆ ಸೌಮ್ಯ, 4-5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ. ದಿನಕ್ಕೆ ಎಷ್ಟು ಕುಡಿಯುತ್ತಾನೆ ಅನ್ನುವ ಲೆಕ್ಕ ಆ 11ರಲ್ಲಿ ಇಲ್ಲವೇ ಇಲ್ಲ. ಮನೆಯವರು ಅದನ್ನೇ ಹಿಡಿದು ಜಗಳವಾಡುತ್ತಾರೆ. ನಾವು ನೋಡುವುದು, ಬಿಡಬೇಕು ಅಂದಾಗ ಬಿಡಲು ಆಗುತ್ತಿದೆಯಾ, ಕೆಲಸ ಸಂಸಾರ ಹಾಳಾದರೂ ಮುಂದುವರಿದಿದೆಯಾ, ಇಲ್ಲದಿದ್ದರೆ ಮೈ ನಡುಗುತ್ತದಾ ಅನ್ನುವಂಥದ್ದನ್ನು.

ಮೂತ್ರ ಪರೀಕ್ಷೆಗೆ ಜನ ಸುಮ್ನೆ ಹೆದರುತ್ತಾರೆ. ಇತ್ತೀಚೆಗೆ ತಗೊಂಡಿದ್ದಾನಾ ಅಂತ ಅದು ಹೇಳುತ್ತದೆ. ಚಟ ಇದೆಯಾ ಅಂತ ಹೇಳುವುದಿಲ್ಲ.

ಕಮ್ಮಿ ಹೇಳಿದರೆ ಏನಾಗುತ್ತದೆ? ದಿನಾ ಕುಡಿಯುವವನು "ವಾರಕ್ಕೊಮ್ಮೆ" ಅಂದರೆ, ಮನೆಯಲ್ಲೇ ಕುಡಿತ ನಿಲ್ಲಿಸಿ ವಾರಕ್ಕೊಂದು ದಿನ ಬನ್ನಿ ಅಂತ ಬರೆದುಬಿಡಬಹುದು. ದಿನಾ ಜಾಸ್ತಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಜ್ವರ, ನಡುಕ ಶುರುವಾಗಿ ಜೀವಕ್ಕೇ ಕುತ್ತಾಗಬಹುದು. ಇನ್ನು ಜಾಸ್ತಿ ಹೇಳುವವರು ಜೈಲು ತಪ್ಪಲಿ ಅಂತ ಹೇಳುತ್ತಾರೆ. ಬೇಡದ ಚಿಕಿತ್ಸೆಗೆ ತಿಂಗಳುಗಟ್ಟಲೆ ಕಟ್ಟಿಬೀಳುತ್ತಾರೆ. ಮಧ್ಯೆ ಬಿಟ್ಟು ಬಂದರೆ ಕೋರ್ಟಿನ ಆದೇಶ ಮುರಿದಂತಾಗುತ್ತದೆ.

ಈಗ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ ವಿಷಯ. ನಿಮ್ಮ ತಮ್ಮ ಒಂದೂವರೆ ತಿಂಗಳು ಒಳಗಿದ್ದ ಅಂದಿರಿ. ಕೆಲಸದ ಮೊದಲ ವರ್ಷ, ಎರಡು ತಿಂಗಳಿಂದ ಜೈಲಿನಲ್ಲಿದ್ದ ಒಬ್ಬ ಹುಡುಗನನ್ನು ನೋಡಿ "ಸದ್ಯಕ್ಕೆ ಸಮಸ್ಯೆ ಕಾಣುವುದಿಲ್ಲ" ಅಂತ ಬರೆದುಬಿಟ್ಟಿದ್ದೆ. ತಪ್ಪು ನನ್ನದೇ. ಒಳಗೆ ಸಿಗದಿದ್ದಾಗ ಬಿಟ್ಟಿರುವುದು ಬೇರೆ, ಕೈಗೆ ಸಿಗುವ ಕಡೆ ಬಿಟ್ಟಿರುವುದು ಬೇರೆ. ಪುಣ್ಯಕ್ಕೆ ಒಬ್ಬ ಹಿರಿಯ ಸಹೋದ್ಯೋಗಿ ವರದಿ ತಿದ್ದಿಸಿದರು. ಒಳಗಿದ್ದಷ್ಟು ದಿನ ದೇಹ ಆ ಮಾತ್ರೆಯನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಆಸೆ ಮಾತ್ರ ಹಾಗೇ ಇರುತ್ತದೆ. ಹೊರಗೆ ಬಂದು ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲಬಹುದು. ಜೊತೆಗೆ ಕುಡಿದಿದ್ದರೆ ಇನ್ನೂ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಮನೆಯಿಂದ ಬಿಡುಗಡೆಯಾದವರನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಬಂತು. ಮೊದಲ ಎರಡು ವಾರದಲ್ಲಿ ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು ಇತ್ತು. ಇದನ್ನು ತಮ್ಮನಿಗೆ ಇವತ್ತೇ ಹೇಳಿ, ಅಸೆಸ್‌ಮೆಂಟ್ ದಿನಕ್ಕೆ ಕಾಯಬೇಡಿ. ನಲೊಕ್ಸೋನ್ ಎಂಬ ಔಷಧಿ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಮಾತ್ರೆ ಓವರ್‌ಡೋಸ್ ಆದಾಗ ಉಸಿರು ಮರಳಿಸುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಚಿಕಿತ್ಸೆಗೆ ಬರೆದುಕೊಟ್ಟರೆ ಚೀಟಿ ಹಿಡಿದು ಸುಮ್ಮನೆ ಮನೆಗೆ ಬರಬೇಡಿ. ಯಾವ ಕೇಂದ್ರ, ಯಾವ ದಿನ, ಎಷ್ಟು ಗಂಟೆಗೆ, ಯಾರನ್ನು ನೋಡಬೇಕು, ಎಲ್ಲ ಅಲ್ಲೇ ಗೊತ್ತಾಗಬೇಕು. ಚೀಟಿಗೂ ಮೊದಲ ಭೇಟಿಗೂ ನಡುವಿನ ದಿನಗಳಲ್ಲೇ ಎಷ್ಟೋ ಜನ ಕೈತಪ್ಪಿ ಹೋಗುತ್ತಾರೆ. ಅಂಥ ಮಾತ್ರೆಯ ಚಟಕ್ಕೆ ಕೊಡುವ ಔಷಧಿಗಳಾದ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಕೊಡೋಣ ಅಂದರೆ, "ಒಂದು ಚಟ ಬಿಡಿಸಲು ಇನ್ನೊಂದು ಚಟವಾ" ಅಂತ ಬೇಡ ಅನ್ನಬೇಡಿ. ಈ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಜೀವ ಉಳಿಸುತ್ತವೆ. ಈ ಮಾತನ್ನು ವಕೀಲರಿಗೂ ಹೇಳಿ, ಕೆಲವು ಸಲ ಕೋರ್ಟಿನವರಿಗೇ ಇದರ ಬಗ್ಗೆ ಅನುಮಾನ ಇರುತ್ತದೆ. ಚಿಕಿತ್ಸೆಯ ಮಧ್ಯೆ ಒಮ್ಮೆ ಎಡವಿದರೆ ಕೋರ್ಟು ಏನು ಮಾಡುತ್ತದೆ ಅನ್ನುವುದನ್ನೂ ಈಗಲೇ ಕೇಳಿಟ್ಟುಕೊಳ್ಳಿ. ಎಡವುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ.

ಆ ದಿನ ಡಾಕ್ಟರ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಮೊದಲು ಎಲ್ಲಾದರೂ ಚಿಕಿತ್ಸೆ ಪಡೆದಿದ್ದರೆ ಆ ಕಾಗದ, ಎಲ್ಲ ತಗೊಂಡು ಹೋಗಲಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಅವನು ಒಪ್ಪಿದರೆ ನಿಮ್ಮ ಹತ್ತಿರವೂ ಬೇರೆಯಾಗಿ ಮಾತಾಡುತ್ತಾರೆ. ಮಾತ್ರೆ ಯಾವಾಗ ಶುರುವಾಯ್ತು, ಎಷ್ಟು ಸಲ ಬಿಟ್ಟ, ಬಿಟ್ಟಾಗ ಹೇಗಿದ್ದ, ನೆನಪಿದ್ದಷ್ಟು ಬರೆದುಕೊಂಡು ಹೋಗಿ.